ಹೊಸ ಡ್ರೈವಾ, ಹಳೇ ಸರ್ವರ್ ಡ್ರೈವಾ? ಹಾಸನದ ನನ್ನ ಸ್ಟುಡಿಯೊದಲ್ಲಿ ಎರಡು ಆಷಾಢದ ಪರೀಕ್ಷೆ

ಒಂದು ಮದುವೆಗೆ ನನಗೆ ಸುಮಾರು 360 ಜಿಬಿ ಜಾಗ ಬೇಕು. 4ಕೆ ವಿಡಿಯೊ ಸೆಕೆಂಡಿಗೆ 100 ಮೆಗಾಬಿಟ್‌ನಲ್ಲಿ ರೆಕಾರ್ಡ್ ಆದರೆ ಗಂಟೆಗೆ 45 ಜಿಬಿ ತುಂಬುತ್ತದೆ. ಎರಡು ಕ್ಯಾಮೆರಾ, ತಲಾ ನಾಲ್ಕು ಗಂಟೆ. ಶೆಟ್ಟಿಹಳ್ಳಿ ಚರ್ಚ್ ಹತ್ತಿರ ಮದುವೆಗೆ ಮುಂಚೆ ಮಾಡುವ ಶೂಟ್ ಬೇರೆ. ಒಂದು ಸೀಸನ್‌ಗೆ ಇಪ್ಪತ್ತು ಮದುವೆ ಅಂದರೆ 7 ಟಿಬಿ ಮೇಲೆ.

ಮೊದಲು ಎಲ್ಲವನ್ನೂ ಪೋರ್ಟಬಲ್ ಹಾರ್ಡ್ ಡ್ರೈವ್‌ಗಳಿಗೆ ಹಾಕಿ ಬೀರುವಿನಲ್ಲಿ ಇಡುತ್ತಿದ್ದೆ. ಅದರಲ್ಲಿ ಒಂದು ಡ್ರೈವ್ ಒಂದು ದಿನ ತೆರೆಯಲಿಲ್ಲ. ಎಡಿಟ್ ಮಾಡಿದ ವಿಡಿಯೊ ಮದುವೆ ಮನೆಯವರ ಹತ್ತಿರ ಇತ್ತು. ಆದರೆ ಧಾರೆಯ ಪೂರ್ತಿ ರೆಕಾರ್ಡಿಂಗ್ ಹೋಯಿತು. ಹುಡುಗಿಯ ತಂದೆ ಅದನ್ನೇ ಕೇಳಿದ್ದರು. ಅವರ ಮನೆಗೇ ಹೋಗಿ, ಎದುರು ಕೂತು, ಇಲ್ಲ ಅಂತ ಹೇಳಿ ಬಂದೆ. ಮನೆಯಲ್ಲೇ ಒಂದು ಸರ್ವರ್ ಇರಬೇಕು, ಎಲ್ಲವೂ ಎರಡೆರಡು ಡ್ರೈವ್‌ನಲ್ಲಿ ಇರಬೇಕು ಅಂತ ಅವತ್ತೇ ತೀರ್ಮಾನ ಮಾಡಿದೆ.

ಸರ್ವರ್ ಅಂದರೆ ದೊಡ್ಡದೇನಲ್ಲ. ಹಳೆಯ ಆಫೀಸ್ ಡೆಸ್ಕ್‌ಟಾಪ್, 16 ಜಿಬಿ ರ‍್ಯಾಮ್, ಅದನ್ನು ಫೈಲ್ ಇಡುವ ಸರ್ವರ್ ಮಾಡುವ ಟ್ರೂನ್ಯಾಸ್ ಸಾಫ್ಟ್‌ವೇರ್. ಹಣ ಹೋಗುವುದು ಡ್ರೈವ್‌ಗೇ. ಎರಡು ಆಷಾಢಗಳಲ್ಲಿ, ಅಂದರೆ ಮದುವೆ ಕೆಲಸ ಇಲ್ಲದ ತಿಂಗಳಲ್ಲಿ, ಮೂರು ದಾರಿ ನೋಡಿದೆ: ಹೊಸ ನ್ಯಾಸ್ ಡ್ರೈವ್ (ಇಂಥ ಚಿಕ್ಕ ಸರ್ವರ್‌ಗೆ ಅಂತಲೇ ಮಾಡಿದ್ದು), ಹಳೆಯ ಸಾಟಾ ಎಂಟರ್‌ಪ್ರೈಸ್ ಡ್ರೈವ್ (ಡೇಟಾ ಸೆಂಟರ್‌ಗೆ ಮಾಡಿದ್ದು, ಆದರೆ ಮಾಮೂಲಿ ಕಂಪ್ಯೂಟರ್‌ನ ಕನೆಕ್ಷನ್), ಹಳೆಯ ಸ್ಯಾಸ್ ಡ್ರೈವ್ (ದೊಡ್ಡ ಸರ್ವರ್‌ಗಳ ಕನೆಕ್ಷನ್). ಎಲ್ಲವೂ 8 ಟಿಬಿ.

ಹೊಸದರ ಬಗ್ಗೆ ಹೇಳುವುದು ಕಡಿಮೆ. ವೆಸ್ಟರ್ನ್ ಡಿಜಿಟಲ್ ರೆಡ್ ಪ್ಲಸ್ ತಗೊಂಡೆ. ₹20,000ದ ಹತ್ತಿರ ಆಯಿತು. ಮೂರು ವರ್ಷ ವಾರಂಟಿ. ವರ್ಷಕ್ಕೆ 180 ಟಿಬಿ ಓದು-ಬರಹಕ್ಕೆ ಅಂತ ಮಾಡಿದ್ದು, ನನ್ನ ಕೆಲಸಕ್ಕೆ ಅದು ಧಾರಾಳ. ಸದ್ದಿಲ್ಲ, ಬಿಸಿ ಕಡಿಮೆ. ಹೆಸರಿನಲ್ಲಿ ‘ಪ್ಲಸ್’ ಇರುವುದನ್ನು ಮಾತ್ರ ನೋಡಿಕೊಳ್ಳಿ. ಬರೀ ‘ರೆಡ್’ ಸಾಲಿನ ಕೆಲವು ಮಾಡೆಲ್‌ಗಳಲ್ಲಿ ಎಸ್‌ಎಂಆರ್ ಇದೆ ಅಂತ 2020ರಲ್ಲಿ ಕಂಪನಿಯೇ ಒಪ್ಪಿಕೊಂಡಿತು. ಎಸ್‌ಎಂಆರ್‌ನಲ್ಲಿ ಡೇಟಾ ಬರೆಯುವ ಟ್ರ್ಯಾಕ್‌ಗಳು ಹೆಂಚು ಹೊದಿಸಿದ ಹಾಗೆ ಒಂದರ ಮೇಲೊಂದು ಅರ್ಧ ಕೂತಿರುತ್ತವೆ. ನಡುವಿನ ಒಂದು ಹೆಂಚು ಬದಲಿಸಬೇಕಾದರೆ ಅಕ್ಕಪಕ್ಕದವನ್ನೂ ಎಬ್ಬಿಸಬೇಕಲ್ವಾ? ಹಾಗೆಯೇ ಇಲ್ಲೂ. ಡ್ರೈವ್ ಬದಲಿಸಿ ಡೇಟಾ ಮತ್ತೆ ಕಟ್ಟುವಾಗ ಇದು ತುಂಬಾ ನಿಧಾನ.

ಹಳೆಯ ಡ್ರೈವ್‌ಗೆ ಹಾಸನದಿಂದ ಬೆಳಗಿನ ಬಸ್ಸು ಹತ್ತಿದೆ. ಬೆಂಗಳೂರಿನ ಮೆಜೆಸ್ಟಿಕ್‌ನಲ್ಲಿ ಇಳಿದು, ಕಂಪ್ಯೂಟರ್ ಸಾಮಾನಿನ ಅಂಗಡಿಗಳಿರುವ ಎಸ್‌ಪಿ ರಸ್ತೆಗೆ ಹೋದೆ. ಚೀಲದಲ್ಲಿ ಲ್ಯಾಪ್‌ಟಾಪ್, ಲಿನಕ್ಸ್ ಹಾಕಿದ ಪೆನ್‌ಡ್ರೈವ್, ಡ್ರೈವನ್ನು ಲ್ಯಾಪ್‌ಟಾಪ್‌ಗೆ ಸಿಕ್ಕಿಸಲು 12 ವೋಲ್ಟ್ ಅಡಾಪ್ಟರ್ ಇರುವ ಯುಎಸ್‌ಬಿ ಡಾಕ್. ಈ ಮೂರು ಇಲ್ಲದೆ ಹೋಗಬೇಡಿ.

“ಅಣ್ಣಾ, ಇಲ್ಲೇ ಹಾಕಿ ನೋಡ್ಲಾ?”

“ನೋಡ್ಕೊಳ್ಳಿ ಸರ್. ಏಳು ದಿನ ಟೆಸ್ಟಿಂಗ್ ವಾರಂಟಿ. ಆಮೇಲೆ ಬಂದ್ರೆ ನಾನೇನೂ ಮಾಡಕ್ಕಾಗಲ್ಲ.”

ಈ ಏಳು ದಿನವನ್ನು ನೆನಪಿಡಿ. ಮುಂದಿನ ಲೆಕ್ಕವೆಲ್ಲ ಅದರ ಮೇಲೇ ನಿಂತಿದೆ.

ಅಂಗಡಿಯಲ್ಲಿ ಸ್ಮಾರ್ಟ್ ವಿವರ, ಅಂದರೆ ಡ್ರೈವ್ ತನ್ನ ಆರೋಗ್ಯದ ಬಗ್ಗೆ ತಾನೇ ಬರೆದಿಡುವ ದಾಖಲೆ, ತೆಗೆದರೆ ನಾನು ಮೊದಲು ನೋಡುವುದು ಓಡಿದ ಗಂಟೆ ಅಲ್ಲ. 5, 197, 198 ಈ ಮೂರು ಸಾಲು. ಕೆಟ್ಟು ಬದಲಾದ ಸೆಕ್ಟರ್ (ಡೇಟಾ ಬರೆಯುವ ಚಿಕ್ಕ ತುಂಡು ಜಾಗ), ಓದಲು ಆಗದೆ ಕಾಯುತ್ತಿರುವ ಸೆಕ್ಟರ್, ಸರಿಪಡಿಸಲು ಆಗದ ಸೆಕ್ಟರ್. ಮೂರರಲ್ಲೂ ಸೊನ್ನೆ ಇರಬೇಕು. ಒಂದು, ಎರಡು ಇದ್ದರೆ ಏನಾಗುತ್ತೆ ಅಂತ ಅನ್ನಿಸಬಹುದು. ಗೂಗಲ್ ತನ್ನ ಡ್ರೈವ್‌ಗಳ ಬಗ್ಗೆ 2007ರಲ್ಲಿ ಒಂದು ಅಧ್ಯಯನ ಪ್ರಕಟಿಸಿತು. ಸ್ಕ್ಯಾನ್‌ನಲ್ಲಿ ಮೊದಲ ದೋಷ ಕಂಡ ಡ್ರೈವ್ ಮುಂದಿನ 60 ದಿನಗಳಲ್ಲಿ ಕೆಡುವ ಸಾಧ್ಯತೆ, ದೋಷ ಇಲ್ಲದ್ದಕ್ಕಿಂತ 39 ಪಟ್ಟು ಜಾಸ್ತಿ ಅಂತ ಅದರಲ್ಲಿದೆ. ಹಾಗಾಗಿ ಒಂದು ಇದ್ದರೂ ನಾನು ವಾಪಸ್ ಇಡುತ್ತೇನೆ. ವಿಂಡೋಸ್‌ನಲ್ಲಿ ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಬಳಸುವವರು, ಆ ಅಂಕಿಗಳನ್ನು ಹತ್ತರ ಲೆಕ್ಕಕ್ಕೆ ಬದಲಿಸಿಕೊಂಡು ಓದಿ. ಮೊದಲಿಗೆ ಅದು ಹದಿನಾರರ ಲೆಕ್ಕದಲ್ಲಿ ತೋರಿಸುತ್ತದೆ.

ಗಂಟೆಯನ್ನು ನೋಡಲೇಬಾರದು ಅಂತಲ್ಲ. ಅದು ಸುಳ್ಳು ಹೇಳಬಹುದು ಅಷ್ಟೇ. ಹಳೆಯ ಸೀಗೇಟ್ ಎಕ್ಸೋಸ್ ಡ್ರೈವ್‌ಗಳ ಗಂಟೆಯನ್ನು ಯಾರೋ ಸೊನ್ನೆ ಮಾಡಿ ಹೊಸದೆಂದು ಮಾರಿದ್ದು 2025ರ ಆರಂಭದಲ್ಲಿ ಜರ್ಮನಿಯಲ್ಲಿ ಬಯಲಾಯಿತು. ಅದನ್ನು ಹಿಡಿದುಕೊಟ್ಟದ್ದು ಅದೇ ಡ್ರೈವ್ ಒಳಗಿನ ‘ಫಾರ್ಮ್’ ಎಂಬ ಇನ್ನೊಂದು ದಾಖಲೆ. ಸ್ಮಾರ್ಟ್ ವಿವರ ಓದುವ ಸ್ಮಾರ್ಟ್‌ಮಾನ್‌ಟೂಲ್ಸ್ ಪ್ರೋಗ್ರಾಂನ 7.4ರಿಂದ ಮುಂದಿನ ಆವೃತ್ತಿಗಳಲ್ಲಿ ಅದನ್ನು ಓದಬಹುದು. ನಾನೂ ಒಂದು ಅಂಗಡಿಯಲ್ಲಿ ಓದಿಸಿದೆ. ಸ್ಮಾರ್ಟ್‌ನಲ್ಲಿ 1,200 ಗಂಟೆ, ಫಾರ್ಮ್‌ನಲ್ಲಿ 31,000. ಡ್ರೈವನ್ನು ಅಲ್ಲೇ ಇಟ್ಟು ಮುಂದಿನ ಅಂಗಡಿಗೆ ಹೋದೆ.

ಅಲ್ಲಿ ಸಿಕ್ಕಿದ್ದು ಎರಡು ಅಲ್ಟ್ರಾಸ್ಟಾರ್ ಡಿಸಿ ಎಚ್‌ಸಿ320. ಸಾಟಾ, 7,200 ಆರ್‌ಪಿಎಂ. ಒಂದಕ್ಕೆ ₹7,500. ಓಡಿದ್ದು 38,000 ಗಂಟೆ, ಅಂದರೆ ನಾಲ್ಕು ವರ್ಷದ ಮೇಲೆ. ಆದರೆ ಆನ್-ಆಫ್ ಆಗಿದ್ದು ಬರೀ 27 ಸಲ. ಯಾವುದೋ ಡೇಟಾ ಸೆಂಟರ್‌ನ ತಣ್ಣನೆಯ ಕೋಣೆಯಲ್ಲಿ, ಕರೆಂಟ್ ಹೋಗದ ಕಡೆ, ಒಂದೇ ಸಮನೆ ತಿರುಗುತ್ತಾ ಇದ್ದ ಡ್ರೈವ್. ಮನೆಯಲ್ಲಿ ದಿನಾ ಆನ್-ಆಫ್ ಆಗುವ ಡ್ರೈವ್‌ಗಿಂತ ಇದರ ಮೇಲೆ ನನಗೆ ಜಾಸ್ತಿ ನಂಬಿಕೆ. ಇವನ್ನು ಮಾಡಿರುವುದು ವರ್ಷಕ್ಕೆ 550 ಟಿಬಿ ಕೆಲಸಕ್ಕೆ.

ಮನೆಗೆ ಬಂದು ಹಾಕಿದರೆ ಒಂದು ಡ್ರೈವ್ ತಿರುಗಲೇ ಇಲ್ಲ. ಅಂಗಡಿಯಲ್ಲಿ ಡಾಕ್‌ನಲ್ಲಿ ತಿರುಗಿದ್ದು ಇಲ್ಲಿ ಯಾಕೆ ಇಲ್ಲ? ಇದು ದೋಷ ಅಲ್ಲ. ಇಂಥ ಕೆಲವು ಡ್ರೈವ್‌ಗಳಿಗೆ ಪವರ್ ಕನೆಕ್ಟರ್‌ನ ಮೂರನೇ ಪಿನ್‌ನಲ್ಲಿ 3.3 ವೋಲ್ಟ್ ಬಂದರೆ ‘ಆಫ್ ಆಗು’ ಅಂತ ಅರ್ಥ. ಡೇಟಾ ಸೆಂಟರ್‌ನಲ್ಲಿ ದೂರದಿಂದಲೇ ಡ್ರೈವ್ ಆರಿಸಿ ಹೊತ್ತಿಸಲು ಇಟ್ಟ ಸೌಲಭ್ಯ ಅದು. ನಮ್ಮ ಕಂಪ್ಯೂಟರ್‌ನ ಪವರ್ ಸಪ್ಲೈ ಆ ಪಿನ್‌ಗೆ ಯಾವಾಗಲೂ 3.3 ವೋಲ್ಟ್ ಕೊಟ್ಟೇ ಇರುತ್ತದೆ. ಆ ಪಿನ್ ಮೇಲೆ ಬಿಸಿ ತಡೆಯುವ ಕ್ಯಾಪ್ಟಾನ್ ಟೇಪ್ ಅಂಟಿಸಿದೆ. ಡ್ರೈವ್ ಎದ್ದಿತು. ಈ ಒಂದು ವಿಷಯ ಗೊತ್ತಿಲ್ಲದೆ ಎಷ್ಟು ಜನ ಒಳ್ಳೆಯ ಡ್ರೈವನ್ನು ಸತ್ತಿದೆ ಅಂತ ವಾಪಸ್ ಕೊಟ್ಟಿರಬಹುದೋ ಅಂತ ಬೇಸರವಾಗುತ್ತದೆ.

ಆಮೇಲೆ ನಿಜವಾದ ಪರೀಕ್ಷೆ. ಬ್ಯಾಡ್‌ಬ್ಲಾಕ್ಸ್ ಅನ್ನುವ ಲಿನಕ್ಸ್ ಪ್ರೋಗ್ರಾಂ ಇದೆ. ಅದನ್ನು ಬರೆಯುವ ಮೋಡ್‌ನಲ್ಲಿ ಓಡಿಸಿದರೆ ಡ್ರೈವ್‌ನ ಉದ್ದಕ್ಕೂ ನಾಲ್ಕು ಸಲ ಬರೆದು ನಾಲ್ಕು ಸಲ ಓದುತ್ತದೆ. ಒಳಗಿದ್ದ ಡೇಟಾ ಪೂರ್ತಿ ಅಳಿಸುತ್ತದೆ, ಖಾಲಿ ಡ್ರೈವ್‌ಗೆ ಮಾತ್ರ ಓಡಿಸಿ. 8 ಟಿಬಿಗೆ ಒಂದು ಸುತ್ತು ಸುಮಾರು 12 ಗಂಟೆ. ಎಂಟು ಸುತ್ತು ಅಂದರೆ ನಾಲ್ಕು ದಿನ. ಏಳು ದಿನದ ವಾರಂಟಿಯಲ್ಲಿ ಇದು ಹಿಡಿಸುತ್ತದೆ, ಬೆಂಗಳೂರಿಂದ ಬಂದ ರಾತ್ರಿಯೇ ಶುರು ಮಾಡಿದರೆ. ಆಷಾಢದಲ್ಲಿ ನಮ್ಮ ಕಡೆ ಗಾಳಿಮಳೆಗೆ ಮರ ಬಿದ್ದು ಕರೆಂಟ್ ಹೋಗುವುದು ಇದ್ದದ್ದೇ. ನಡುವೆ ನಿಂತರೆ ಮತ್ತೆ ಮೊದಲಿಂದ. ಮನೆಯ ಇನ್ವರ್ಟರ್ ಹಿಂದೆ ಇರುವ ಸ್ವಿಚ್ಚನ್ನು ಯುಪಿಎಸ್ ಮೋಡ್‌ಗೆ ಹಾಕಿದೆ. ಸರ್ವರ್‌ಗೆ ಅಂತ ಬೇರೆ ಒಂದು ಚಿಕ್ಕ ಯುಪಿಎಸ್ಸೂ ಇಟ್ಟೆ. ಐದನೇ ದಿನ ಬೆಳಿಗ್ಗೆ ಎರಡೂ ಡ್ರೈವ್‌ಗಳಲ್ಲಿ ಆ ಮೂರು ಸಾಲು ಸೊನ್ನೆಯೇ ಇತ್ತು.

ಸ್ಯಾಸ್ ಕಥೆ ಬೇರೆ. ಆಗಿನ ಬೆಲೆ ನೋಡಿ ಆಸೆಯಾಯಿತು: 8 ಟಿಬಿಗೆ ₹4,500. ಎರಡು ತಗೊಂಡೆ. ಆದರೆ ಸ್ಯಾಸ್ ಡ್ರೈವ್ ಸಾಟಾ ಪೋರ್ಟ್‌ಗೆ ಹಿಡಿಸುವುದೇ ಇಲ್ಲ. ಎಲ್‌ಎಸ್‌ಐ 9211-8ಐ ಕಾರ್ಡ್, ಅದೂ ಡ್ರೈವ್‌ಗಳನ್ನು ಇದ್ದ ಹಾಗೇ ಕಂಪ್ಯೂಟರ್‌ಗೆ ತೋರಿಸುವ ಐಟಿ ಮೋಡ್ ಫರ್ಮ್‌ವೇರ್ ಇರುವುದು ಬೇಕು. ಹಳೆಯದಕ್ಕೇ ₹3,500 ಆಯಿತು. ಕೇಬಲ್‌ಗೆ ₹1,200. ಆ ಕಾರ್ಡ್ ಸರ್ವರ್‌ಗಳ ಜೋರು ಗಾಳಿಗೆ ಅಂತ ಮಾಡಿದ್ದು. ನಮ್ಮ ಡೆಸ್ಕ್‌ಟಾಪ್ ಒಳಗೆ ಮುಟ್ಟಲಾಗದಷ್ಟು ಬಿಸಿಯಾಯಿತು. ಅದರ ಮೇಲೆ ಚಿಕ್ಕ ಫ್ಯಾನ್ ಕಟ್ಟಿದೆ. ಎರಡು ಡ್ರೈವ್‌ಗೆ ಒಟ್ಟು ₹13,700 ಆಯಿತು. ಸಾಟಾ ಜೋಡಿಗಿಂತ ಉಳಿದದ್ದು ₹1,300.

ಅಷ್ಟಕ್ಕೇ ಮುಗಿಯಲಿಲ್ಲ. ಒಂದು ಡ್ರೈವ್ 520 ಬೈಟ್ ಸೆಕ್ಟರ್‌ನಲ್ಲಿ ಫಾರ್ಮ್ಯಾಟ್ ಆಗಿತ್ತು. ಕೆಲವು ದೊಡ್ಡ ಸ್ಟೋರೇಜ್ ಯಂತ್ರಗಳು ಹಾಗೆ ಬಳಸುತ್ತವೆ. ಟ್ರೂನ್ಯಾಸ್‌ಗೆ ಅದು ಬೇಡ. ಎಸ್‌ಜಿ_ಫಾರ್ಮ್ಯಾಟ್ ಅನ್ನುವ ಪ್ರೋಗ್ರಾಂ ಓಡಿಸಿ 512ಕ್ಕೆ ತರಲು ಒಂದು ದಿನ ಹಿಡಿಯಿತು. ಆಮೇಲೆ ನಾಲ್ಕು ದಿನ ಬ್ಯಾಡ್‌ಬ್ಲಾಕ್ಸ್. ಹೋಗಿ ಬರುವ ದಿನವೂ ಸೇರಿಸಿ, ಏಳರಲ್ಲಿ ಉಳಿಯುವುದೇನು? ಇನ್ನೊಂದು ಡ್ರೈವ್ ಮೂರನೇ ದಿನವೇ ಕೈಕೊಟ್ಟಿತು. ಸ್ಯಾಸ್‌ನಲ್ಲಿ ಆ 5, 197, 198ರ ಸಾಲು ಇರುವುದಿಲ್ಲ. ಬದಲಿಗೆ ಹೊಸದಾಗಿ ಕೆಟ್ಟ ಜಾಗಗಳ ಪಟ್ಟಿ ಇರುತ್ತದೆ. ಮೊದಲು ಸೊನ್ನೆ ಇದ್ದದ್ದು 14 ಆಯಿತು, ಮಾರನೇ ದಿನ 200 ದಾಟಿತು. ಆರನೇ ದಿನ ಮತ್ತೆ ಬಸ್ಸು ಹತ್ತಿದೆ. ಅಂಗಡಿಯವರು ಮಾತಿನಂತೆ ಬದಲಿಸಿಕೊಟ್ಟರು.

ವೇಗದಲ್ಲಿ ಸ್ಯಾಸ್ ಮುಂದೆ ಅಂತ ಹೇಳುವವರಿದ್ದಾರೆ. ಮನೆಯಲ್ಲಿ ಆ ವ್ಯತ್ಯಾಸ ಕಾಣುವುದಿಲ್ಲ. ಗಿಗಾಬಿಟ್ ನೆಟ್‌ವರ್ಕ್ ಸೆಕೆಂಡಿಗೆ 110 ಎಂಬಿ ಆಸುಪಾಸಿಗೆ ನಿಂತುಬಿಡುತ್ತದೆ. ಮೂರೂ ಬಗೆಯ ಡ್ರೈವ್ ಅಷ್ಟು ಕೊಡುತ್ತವೆ. ಕರೆಂಟ್ ಲೆಕ್ಕ ಮಾತ್ರ ಗಮನಿಸಿ. 8 ವಾಟ್‌ನ ಒಂದು ಡ್ರೈವ್ ಹಗಲು ರಾತ್ರಿ ಓಡಿದರೆ ತಿಂಗಳಿಗೆ 6 ಯೂನಿಟ್ ಹತ್ತಿರ. ಸ್ಯಾಸ್ ಕಾರ್ಡ್ ತಾನೇ ಇನ್ನೊಂದು ಡ್ರೈವ್‌ನಷ್ಟು ತಿನ್ನುತ್ತದೆ.

ಸದ್ದಿನಲ್ಲಿ ಹಳೆಯವು ಎರಡೂ ಸೋತವು. ರಾತ್ರಿ ಮಳೆ ನಿಂತ ಮೇಲೆ ಪಕ್ಕದ ಕೋಣೆಗೂ ಕಟಕಟ ಕೇಳುತ್ತಿತ್ತು. ಮರದ ಮೇಜಿನಿಂದ ತೆಗೆದು ನೆಲದ ಮೇಲೆ ದಪ್ಪ ರಬ್ಬರ್ ಹಾಸಿ ಇಟ್ಟ ಮೇಲೆ ಅರ್ಧ ಕಡಿಮೆಯಾಯಿತು. ಮಲಗುವ ಕೋಣೆಯಲ್ಲೇ ಸರ್ವರ್ ಇಡುವವರು ಹೊಸ ರೆಡ್ ಪ್ಲಸ್ ತಗೊಳ್ಳುವುದೇ ಒಳ್ಳೆಯದು.

ನನ್ನ ಆಯ್ಕೆ ಹಳೆಯ ಸಾಟಾ ಜೋಡಿ. ಒಂದು ಹೊಸ ಡ್ರೈವ್‌ನ ಬೆಲೆಗೆ ಎರಡು ಬಂದು, ₹5,000 ಉಳಿಯಿತು. ಎರಡೂ ಮಿರರ್‌ನಲ್ಲಿವೆ, ಒಂದು ಹೋದರೂ ಇನ್ನೊಂದರಲ್ಲಿ ಎಲ್ಲ ಇರುತ್ತದೆ. ತಿಂಗಳಿಗೊಮ್ಮೆ ಸ್ಕ್ರಬ್, ಅಂದರೆ ಡೇಟಾ ಎಲ್ಲ ಓದಿ ತಪ್ಪಿದೆಯಾ ಅಂತ ನೋಡುವ ಪರೀಕ್ಷೆ, ಓಡುತ್ತದೆ. ಎರಡು ವರ್ಷ ಆಯಿತು, 55,000 ಗಂಟೆ ದಾಟಿದೆ, ಒಂದು ದೋಷವೂ ಬಂದಿಲ್ಲ. ಸ್ಯಾಸ್ ಬೇಡವೇ ಬೇಡ ಅಂತಲ್ಲ. ಆರೆಂಟು ಡ್ರೈವ್ ಹಾಕುವವರಿಗೆ ಕಾರ್ಡ್‌ನ ಖರ್ಚು ಹಂಚಿಹೋಗುತ್ತದೆ. ಅಂಥವರು ಹತ್ತು ದಿನದ ಟೆಸ್ಟಿಂಗ್ ವಾರಂಟಿ ಕೇಳಿಯೇ ದುಡ್ಡು ಕೊಡಿ. ಸಾಟಾದಲ್ಲೂ ಒಂದು ಎಚ್ಚರಿಕೆ: ಎಚ್‌ಸಿ620 ಅಂತ ಬರೆದದ್ದು ಎಷ್ಟೇ ಅಗ್ಗವಾಗಿ ಸಿಕ್ಕರೂ ಬಿಡಿ. ಅದು ವಿಶೇಷ ಬಗೆಯ ಎಸ್‌ಎಂಆರ್, ಮಾಮೂಲಿ ಡ್ರೈವ್ ತರ ಬಳಸಲು ಆಗುವುದಿಲ್ಲ.

ಹೊಸ ರೆಡ್ ಪ್ಲಸ್ ಏನಾಯಿತು ಅಂದರೆ, ಅದು ಈಗ ಚಿಕ್ಕಮಗಳೂರಿನಲ್ಲಿ ಅಕ್ಕನ ಮನೆಯಲ್ಲಿದೆ. ಮಿರರ್ ಇದ್ದರೂ ಸಿಡಿಲು ಬಡಿದರೆ ಎರಡೂ ಒಟ್ಟಿಗೆ ಹೋಗುತ್ತವೆ. ಕಳ್ಳ ಬಂದರೂ ಅಷ್ಟೇ. ಎರಡು ತಿಂಗಳಿಗೊಮ್ಮೆ ಬೇಲೂರು ದಾರಿಯಲ್ಲಿ ಹೋಗಿ ತರುತ್ತೇನೆ, ಹೊಸ ಮದುವೆಗಳನ್ನು ಅದಕ್ಕೂ ಹಾಕಿ ವಾಪಸ್ ಇಟ್ಟು ಬರುತ್ತೇನೆ. ಅಕ್ಕ ಅದನ್ನು ಟವೆಲ್‌ನಲ್ಲಿ ಸುತ್ತಿ, ರೇಷ್ಮೆ ಸೀರೆ ಇಡುವ ಬೀರುವಿನಲ್ಲಿ ಇಟ್ಟಿದ್ದಾಳೆ.