ಕ್ವಾರ್ಟೆಟ್, ಕ್ವಿಂಟೆಟ್: ವರ್ಷಗಟ್ಟಲೆ ಕೇಳಿದ ಮೇಲೂ ಕಪಾಟಿನಲ್ಲಿ ಉಳಿದ ರೆಕಾರ್ಡಿಂಗ್‌ಗಳು

ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದಲ್ಲಿ ಎರಡು ಪಿಟೀಲು, ಒಂದು ವಯೋಲಾ (ಪಿಟೀಲಿಗಿಂತ ಸ್ವಲ್ಪ ದೊಡ್ಡದು, ದನಿ ತಗ್ಗು), ಒಂದು ಚೆಲ್ಲೊ (ಇನ್ನೂ ದೊಡ್ಡದು, ದನಿ ಇನ್ನೂ ತಗ್ಗು) ಸೇರಿದರೆ ಸ್ಟ್ರಿಂಗ್ ಕ್ವಾರ್ಟೆಟ್. ಅದಕ್ಕೆ ಇನ್ನೊಂದು ವಯೋಲಾ ಅಥವಾ ಇನ್ನೊಂದು ಚೆಲ್ಲೊ ಸೇರಿಸಿದರೆ ಕ್ವಿಂಟೆಟ್. ಈ ಸಂಗೀತದ ಸಿಡಿಗಳನ್ನು ಬಹಳ ವರ್ಷಗಳಿಂದ ಕೊಳ್ಳುತ್ತಾ, ಕೇಳುತ್ತಾ, ಕೆಲವನ್ನು ಯಾರಿಗೋ ಕೊಟ್ಟುಬಿಡುತ್ತಾ ಬಂದಿದ್ದೇನೆ. ಈಗ ನನಗೆ ಉಳಿದಿರುವುದು ಒಂದೇ ಪರೀಕ್ಷೆ. ಮಧ್ಯದವರು ಕೇಳಿಸುತ್ತಾರಾ? ಅಂದರೆ ಎರಡನೇ ಪಿಟೀಲು ಮತ್ತು ವಯೋಲಾ. ಮೊದಲ ಪಿಟೀಲು ಎಂಥ ರೆಕಾರ್ಡಿಂಗ್‌ನಲ್ಲೂ ಚೆನ್ನಾಗಿಯೇ ಕೇಳುತ್ತದೆ. ಚೆಲ್ಲೊ ಕೂಡ ಹೇಗೋ ನಿಭಾಯಿಸುತ್ತದೆ. ನಡುವಿನ ಇಬ್ಬರು ಮಬ್ಬಾದರೆ ಮಾತ್ರ ಆ ಸಿಡಿ ಹತ್ತು ಸಲಕ್ಕೇ ಬೇಸರ ಬರುತ್ತದೆ. ಅವರು ಕೇಳಿದರೆ ಪ್ರತಿ ಸಲ ಹೊಸದೇನೋ ಸಿಗುತ್ತದೆ.

ಈ ಪರೀಕ್ಷೆಗೆ ಆಸ್ಟ್ರಿಯಾದ ಸಂಗೀತ ರಚನಕಾರ ಹೇಡನ್‌ನ ಓಪಸ್ 76ರ (ಓಪಸ್ ಅಂದರೆ ಕೃತಿಯ ಸಂಖ್ಯೆ) ಮೂರನೇ ಕ್ವಾರ್ಟೆಟ್ ಸಾಕು. ಅದರ ಎರಡನೇ ಭಾಗದ ರಾಗ ನಿಮಗೆ ಗೊತ್ತೇ ಇರುತ್ತದೆ, ಇವತ್ತಿನ ಜರ್ಮನಿಯ ರಾಷ್ಟ್ರಗೀತೆಯ ಧಾಟಿ ಅದೇ. ಹೇಡನ್ 1797ರಲ್ಲಿ ಆಸ್ಟ್ರಿಯಾದ ಚಕ್ರವರ್ತಿಗಾಗಿ ಅದನ್ನು ಕಟ್ಟಿದ. ಇಲ್ಲಿ ಧಾಟಿಯನ್ನು ಒಂದಿಷ್ಟೂ ಬದಲಿಸದೆ ಒಬ್ಬರಿಂದ ಒಬ್ಬರಿಗೆ ದಾಟಿಸುತ್ತಾನೆ. ಮೊದಲ ಪಿಟೀಲು ಧಾಟಿಯನ್ನು ಹೇಳಿದ ಮೇಲೆ ಎರಡನೇ ಪಿಟೀಲು, ಆಮೇಲೆ ಚೆಲ್ಲೊ, ಆಮೇಲೆ ವಯೋಲಾ, ಕೊನೆಗೆ ಮತ್ತೆ ಮೊದಲ ಪಿಟೀಲು. ವಯೋಲಾದ ಸರದಿ ಬಂದಾಗ ಸುತ್ತಲಿನವರು ಜಾಗ ಬಿಡುತ್ತಾರಾ, ಇಲ್ಲವಾ? ಅಷ್ಟು ನೋಡಿದರೆ ಇಡೀ ಸೆಟ್ ಕೊಳ್ಳಬೇಕಾ ಬೇಡವಾ ಅಂತ ತಿಳಿಯುತ್ತದೆ.

ನನ್ನ ಆಯ್ಕೆ ಕ್ವಾಟ್ಯುಓರ್ ಮೊಸಾಯಿಕ್ ತಂಡ. ಇವರು ನುಡಿಸುವುದು ಹಳೆಯ ಕಾಲದ ಹಾಗೆ ಕರುಳಿನ ತಂತಿಯ ವಾದ್ಯಗಳಲ್ಲಿ. ಉಕ್ಕಿನ ತಂತಿಯ ಹೊಳಪು ಇರುವುದಿಲ್ಲ. ಕಮಾನು ತಂತಿಗೆ ತಾಗುವ ಸಣ್ಣ ಕರಕರ ಕೇಳುತ್ತದೆ. ಮೊದಮೊದಲು ದನಿ ಒಣಕಲು ಅನ್ನಿಸಬಹುದು, ಆದರೆ ನಾಲ್ಕೂ ದನಿ ಬೇರೆ ಬೇರೆಯಾಗಿ ಕಿವಿಗೆ ಬೀಳುತ್ತವೆ. ಕಡಿಮೆ ದುಡ್ಡಿನಲ್ಲಿ ಬೇಕು ಅನ್ನುವವರಿಗೆ ನ್ಯಾಕ್ಸೋಸ್ ಕಂಪನಿಯ ಸಿಡಿಗಳಲ್ಲಿ ಕೊಡಾಯ್ ಕ್ವಾರ್ಟೆಟ್ ಇದೆ. ಕೋಣೆಯ ಪ್ರತಿಧ್ವನಿ ಸ್ವಲ್ಪ ಜಾಸ್ತಿ, ಆದರೆ ನುಡಿಸುವುದು ಹೃದಯದಿಂದ. ಅದೂ ನನ್ನ ಕಪಾಟಿನಲ್ಲಿ ಇದೆ, ಕೊಡುವ ಯೋಚನೆ ಇಲ್ಲ.

ಮೊಜಾರ್ಟ್‌ನ ಕ್ವಿಂಟೆಟ್‌ಗಳಲ್ಲಿ ಎರಡು ವಯೋಲಾ. ಅವನಿಗೇ ವಯೋಲಾ ನುಡಿಸುವುದು ಇಷ್ಟವಿತ್ತು, ಅದು ಬರೆದಿರುವ ರೀತಿಯಲ್ಲೇ ಗೊತ್ತಾಗುತ್ತದೆ. ಜಿ ಮೈನರ್ ಕ್ವಿಂಟೆಟ್ ಅಂದರೆ ಕೆ. 516 (ಅವನ ಕೃತಿಗಳ ಪಟ್ಟಿಯಲ್ಲಿನ ಸಂಖ್ಯೆ) ತಗೊಳ್ಳಿ. 1787ರ ಮೇ ತಿಂಗಳಲ್ಲಿ ಮುಗಿಸಿದ್ದು. ಎರಡು ಪಿಟೀಲು, ಮೊದಲ ವಯೋಲಾ ಸೇರಿ ಶುರು ಮಾಡುತ್ತವೆ. ಎಂಟು ಬಾರ್ (ತಾಳದ ಆವರ್ತದ ಹಾಗೆ) ಆದ ಮೇಲೆ ಅದೇ ಮಾತನ್ನು ಕೆಳಗಿನ ಮೂವರು, ಎರಡು ವಯೋಲಾ ಮತ್ತು ಚೆಲ್ಲೊ, ಎತ್ತಿಕೊಳ್ಳುತ್ತಾರೆ. ಮೊದಲ ವಯೋಲಾ ಎರಡೂ ಕಡೆ ಇದೆ. ಮೇಲಿನ ಗುಂಪಿಗೆ ಅದು ತಳ, ಕೆಳಗಿನ ಗುಂಪಿಗೆ ಅದೇ ತುದಿ. ಆ ಒಬ್ಬ ವಾದಕ ಒಂದು ಕ್ಷಣದಲ್ಲಿ ಪಾತ್ರ ಬದಲಿಸುವುದು ಸ್ಪಷ್ಟವಾಗಿ ಕೇಳಬೇಕು.

ಆರ್ಥರ್ ಗ್ರೂಮಿಯೋ ಮತ್ತು ಗೆಳೆಯರು ಫಿಲಿಪ್ಸ್ ರೆಕಾರ್ಡ್ ಕಂಪನಿಗೆ 1973ರಲ್ಲಿ ಮಾಡಿದ ಸೆಟ್‌ನಲ್ಲಿ ಅದು ಕೇಳುತ್ತದೆ. ಆರೂ ಕ್ವಿಂಟೆಟ್, ಮೂರು ಸಿಡಿ. ಗ್ರೂಮಿಯೋ ಬೆಲ್ಜಿಯಂನ ದೊಡ್ಡ ಸೋಲೊ ಪಿಟೀಲು ವಾದಕ, ಆದರೂ ಇಲ್ಲಿ ಎಲ್ಲಿಯೂ ಮುಂದೆ ನುಗ್ಗುವುದಿಲ್ಲ. ಮೊದಲ ವಯೋಲಾ ಜಾರ್ಜ್ ಯಾನ್ಸರ್, ಎರಡನೆಯದು ಮ್ಯಾಕ್ಸ್ ಲೆಸುಅರ್. ನಾನು ಬಳಸುವ ಸ್ಟ್ರೀಮಿಂಗ್ ಆ್ಯಪ್‌ನಲ್ಲಿ ಇವರ ಹೆಸರು ಹುಡುಕಿದರೂ ಸಿಗುವುದಿಲ್ಲ, ಬರೀ ಗ್ರೂಮಿಯೋ ಅಂತ ತೋರಿಸುತ್ತದೆ. ಅನ್ಯಾಯ ಅಲ್ವಾ? ಮೂರನೇ ಭಾಗದಲ್ಲಿ ಐವರೂ ವಾದ್ಯಕ್ಕೆ ಮ್ಯೂಟ್ (ದನಿ ತಗ್ಗಿಸುವ ಸಣ್ಣ ಕ್ಲಿಪ್) ಹಾಕಿ ನುಡಿಸುತ್ತಾರೆ. ಅಲ್ಲಿ ದನಿ ತಗ್ಗುತ್ತದೆ, ಆದರೆ ಒಂದರೊಳಗೊಂದು ಕಲಸಿಹೋಗುವುದಿಲ್ಲ. ಇಷ್ಟು ಹಳೆಯ ಟೇಪ್‌ನಲ್ಲಿ ಇದನ್ನು ಹಿಡಿದ ಎಂಜಿನಿಯರ್‌ಗಳಿಗೆ ಕೈ ಮುಗಿಯಬೇಕು. ಇದಕ್ಕಿಂತ ಚುರುಕಾದ, ಖಾರವಾದ ರೆಕಾರ್ಡಿಂಗ್‌ಗಳು ಆಮೇಲೆ ಬಂದಿವೆ. ನನಗೆ ಬದಲಿಸಬೇಕು ಅನ್ನಿಸಿಲ್ಲ.

ಇನ್ನು ಶೂಬರ್ಟ್. ಸಿ ಮೇಜರ್ ಕ್ವಿಂಟೆಟ್, ಅವನ ಕೃತಿಗಳ ಪಟ್ಟಿಯಲ್ಲಿ ಡಿ. 956. 1828ರಲ್ಲಿ ಬರೆದ, ಅದೇ ವರ್ಷ ನವೆಂಬರ್‌ನಲ್ಲಿ ತೀರಿಕೊಂಡ, 31ನೇ ವಯಸ್ಸಿಗೆ. ಇದು ಸಾರ್ವಜನಿಕವಾಗಿ ಮೊದಲ ಸಲ ನುಡಿದದ್ದು 1850ರಲ್ಲಿ, ಅಚ್ಚಾದದ್ದು 1853ರಲ್ಲಿ. ಅವನು ಸೇರಿಸಿದ್ದು ಎರಡನೇ ಚೆಲ್ಲೊ. ಇದರಿಂದ ಆಗುವ ಲಾಭ ಏನು ಅಂದರೆ, ಒಬ್ಬ ಚೆಲ್ಲೊ ವಾದಕ ತಳ ಕಾಯುತ್ತಾನೆ, ಇನ್ನೊಬ್ಬ ಹಾಡಬಹುದು. ಮೊದಲ ಭಾಗದ ಎರಡನೇ ಧಾಟಿಯಲ್ಲಂತೂ ಎರಡೂ ಚೆಲ್ಲೊ ಜೊತೆಯಾಗಿ ಹಾಡುತ್ತವೆ, ತಳವನ್ನು ವಯೋಲಾ ಬೆರಳಿನಿಂದ ಮೀಟುತ್ತಾ ನೋಡಿಕೊಳ್ಳುತ್ತದೆ. ಈ ವಯೋಲಾ ಮೀಟು ಕೇಳದ ರೆಕಾರ್ಡಿಂಗ್ ಎಷ್ಟೊಂದಿವೆ!

ಎರಡನೇ ಭಾಗ, ಅಡಾಜಿಯೋ ಅಂದರೆ ನಿಧಾನ ಗತಿಯದು, ನಾನು ಜಾಸ್ತಿ ಸಲ ಕೇಳಿರುವ ಸಂಗೀತ. ಇಲ್ಲಿ ಮಧ್ಯದ ಮೂವರದೇ ರಾಜ್ಯ. ಎರಡನೇ ಪಿಟೀಲು, ವಯೋಲಾ, ಮೊದಲ ಚೆಲ್ಲೊ ಸೇರಿ ಉದ್ದುದ್ದ ಸ್ವರಗಳನ್ನು ಹಿಡಿಯುತ್ತಾರೆ. ಎಷ್ಟು ನಿಧಾನ ಅಂದರೆ ಧಾಟಿ ಮುಂದೆ ಹೋಗುತ್ತಿದೆಯಾ ಅಂತ ಅನುಮಾನ ಬರುತ್ತದೆ. ಮೇಲೆ ಮೊದಲ ಪಿಟೀಲು ಆಗಾಗ ಎರಡು ಮಾತು ಹೇಳಿ ಸುಮ್ಮನಾಗುತ್ತದೆ. ಕೆಳಗೆ ಎರಡನೇ ಚೆಲ್ಲೊ ಮೀಟುತ್ತಿರುತ್ತದೆ. ಎಷ್ಟೋ ತಂಡಗಳು ಮೊದಲ ಪಿಟೀಲಿನ ಆ ಎರಡು ಮಾತನ್ನೇ ಹಾಡು ಮಾಡಿಬಿಡುತ್ತವೆ. ನಡುವಿನ ಮೂವರು ಪಕ್ಕವಾದ್ಯ ಆಗಿಬಿಡುತ್ತಾರೆ. ಆಮೇಲೆ ಎಫ್ ಮೈನರ್‌ನಲ್ಲಿ ಬಿರುಗಾಳಿ ಏಳುತ್ತದೆ. ಅದು ಇಳಿದು ಮೊದಲ ಧಾಟಿ ಮರಳಿದಾಗ ಕೆಳಗಿನ ಚೆಲ್ಲೊ ಹರಿದಾಡುತ್ತಿರುತ್ತದೆ, ಮೇಲಿನ ಪಿಟೀಲಿಗೂ ನೆಮ್ಮದಿ ಇಲ್ಲ. ನಡುವಿನ ಮೂವರು ಮಾತ್ರ ಮೊದಲಿನ ಹಾಗೇ. ಅವರು ಕದಲದಿದ್ದರೇ ಆ ಜಾಗದ ನೋವು ತಟ್ಟುವುದು.

ಇದಕ್ಕೆ ಎರಡು ರೆಕಾರ್ಡಿಂಗ್ ಇಟ್ಟುಕೊಂಡಿದ್ದೇನೆ. ಒಂದು ಹಾಲಿವುಡ್ ಸ್ಟ್ರಿಂಗ್ ಕ್ವಾರ್ಟೆಟ್, ಎರಡನೇ ಚೆಲ್ಲೊ ಕರ್ಟ್ ರೆಹರ್. ಐವತ್ತರ ದಶಕದ ಶುರುವಿನ ಮೋನೊ, ಅಂದರೆ ಸ್ಟೀರಿಯೊ ಅಲ್ಲ. ತಂಡದ ಫೀಲಿಕ್ಸ್ ಸ್ಲಾಟ್ಕಿನ್, ಎಲಿನೋರ್ ಆಲರ್ ಗಂಡ ಹೆಂಡತಿ. ಹಗಲು ಸಿನಿಮಾ ಸ್ಟುಡಿಯೋ ಆರ್ಕೆಸ್ಟ್ರಾಗಳಲ್ಲಿ ಕೆಲಸ, ಉಳಿದ ಹೊತ್ತಿನಲ್ಲಿ ಕ್ವಾರ್ಟೆಟ್. (ಆರ್ಕೆಸ್ಟ್ರಾ ನಡೆಸುವ ಕಂಡಕ್ಟರ್ ಲೆನಾರ್ಡ್ ಸ್ಲಾಟ್ಕಿನ್ ಇವರ ಮಗ.) ಸಿನಿಮಾದವರು ಅಂದರೆ ಸಿಹಿ ಜಾಸ್ತಿ ಇರಬಹುದು ಅಂದುಕೊಳ್ಳಬೇಡಿ. ಬಿಗಿ, ಶುದ್ಧ ಶ್ರುತಿ, ಗೋಳಾಟವೇ ಇಲ್ಲ. ಮೋನೊ ಆದರೂ ಮಧ್ಯದ ಮೂವರು ಎದುರಿಗೇ ಕೂತ ಹಾಗೆ ಕೇಳುತ್ತಾರೆ. ಟೆಸ್ಟಮೆಂಟ್ ಕಂಪನಿಯ ಸಿಡಿಯಲ್ಲಿ ಜೊತೆಗೆ ಷೋನ್‌ಬರ್ಗ್‌ನ ಒಂದು ಸೆಕ್ಸ್ಟೆಟ್ (ಆರು ವಾದ್ಯಗಳ ಕೃತಿ) ಕೂಡ ಇದೆ, ಅದೂ ಅದ್ಭುತ.

ಇನ್ನೊಂದು ಜೆಕ್ ದೇಶದ ಪಾವೆಲ್ ಹಾಸ್ ಕ್ವಾರ್ಟೆಟ್, ಚೆಲ್ಲೊ ವಾದಕ ದಾನ್ಯುಲೊ ಇಶಿಜಾಕಾ ಜೊತೆ, ಸುಪ್ರಾಫೋನ್ ಕಂಪನಿ, 2013. ಇವರದು ಬೇರೆಯೇ ದಾರಿ. ಬಿರುಗಾಳಿ ನಿಜಕ್ಕೂ ಹೆದರಿಸುತ್ತದೆ, ಕೊನೆಯ ಭಾಗ ಕುಣಿಯುತ್ತದೆ. ಮುಗಿಯುವ ಹೊತ್ತಿಗೆ ಆಧಾರ ಸ್ವರ ಸಿ ಮೇಲೆ ಅದರ ಪಕ್ಕದ ಸ್ವರ ಡಿ ಫ್ಲಾಟ್ ಬಂದು ಉಜ್ಜುವ ಜಾಗವನ್ನು ಇವರು ನಯ ಮಾಡುವುದಿಲ್ಲ, ಒರಟಾಗಿಯೇ ಬಿಡುತ್ತಾರೆ. ಮನೆಯಲ್ಲಿ ಹೊಸಬರಿಗೆ ಕೇಳಿಸುವುದಾದರೆ ಇದನ್ನು ಹಾಕುತ್ತೇನೆ. ಒಬ್ಬನೇ ಇದ್ದಾಗ ಹಾಲಿವುಡ್‌ನವರದ್ದು. ಇದೇ ಕ್ವಿಂಟೆಟ್ ಅನ್ನು ಚೆಲ್ಲೊ ವಾದಕ ಕಸಾಲ್ಸ್ 1952ರಲ್ಲಿ ಫ್ರಾನ್ಸ್‌ನ ಪ್ರಾಡ್‌ನಲ್ಲಿ ಮಾಡಿದ ರೆಕಾರ್ಡಿಂಗ್ ಎಲ್ಲರೂ ಹೊಗಳುವಂಥದ್ದು. ನುಡಿಸುತ್ತಾ ಅವರು ಹೂಂಕರಿಸುವುದೂ ಕೇಳುತ್ತದೆ. ದೊಡ್ಡ ಮನಸ್ಸಿನ ವಾದನ, ಆದರೆ ದಿನಬಳಕೆಗೆ ನನಗೆ ಭಾರ.

ಬೆಥೋವನ್‌ನ ಕೊನೆಯ ಕ್ವಾರ್ಟೆಟ್‌ಗಳಿಗೆ ಬಂದರೆ ಓಪಸ್ 132ರ ನಿಧಾನ ಭಾಗವೊಂದರ ಬಗ್ಗೆ ಹೇಳುತ್ತೇನೆ. 1825ರಲ್ಲಿ ಜೋರಾಗಿ ಕಾಯಿಲೆ ಬಿದ್ದು ಎದ್ದ ಮೇಲೆ ದೇವರಿಗೆ ಸಲ್ಲಿಸಿದ ಕೃತಜ್ಞತೆ ಅದು. ಲಿಡಿಯನ್ ಮೋಡ್‌ನಲ್ಲಿದೆ (ಯುರೋಪಿನ ಒಂದು ಹಳೆಯ ಸ್ವರಶ್ರೇಣಿ) ಅಂತ ಅವನೇ ಬರೆದಿದ್ದಾನೆ. ಸ್ವರಗಳನ್ನು ಲೆಕ್ಕ ಹಾಕಿದರೆ ಅದು ನಮ್ಮ ಕಲ್ಯಾಣಿಯದೇ ಸ್ವರಗಳು, ಪ್ರತಿಮಧ್ಯಮ ಸಮೇತ. ಆದರೆ ಕಲ್ಯಾಣಿ ಸಿಗುತ್ತದೆ ಅಂತ ಕೂತರೆ ನಿರಾಸೆ. ಗಮಕ ಇಲ್ಲ, ಷಡ್ಜವನ್ನು ಹಿಡಿದುಕೊಡಲು ತಂಬೂರಿ ಇಲ್ಲ. ಹಾಗಾಗಿ ಕಿವಿ ಒಮ್ಮೆ ಎಫ್ ಅನ್ನು ಷಡ್ಜ ಅನ್ನುತ್ತದೆ, ಇನ್ನೊಮ್ಮೆ ಸಿ ಕಡೆ ಜಾರುತ್ತದೆ. ಈ ತೂಗಾಟ ಗೊತ್ತಾಗಬೇಕಾದರೆ ನಾಲ್ವರ ತೂಕವೂ ಸಮ ಇರಬೇಕು.

ಅದಕ್ಕೆ ಕ್ವಾರ್ಟೆಟ್ಟೊ ಇಟಾಲಿಯಾನೊ. 1945ರಲ್ಲಿ ಶುರುವಾದ ತಂಡ. ಫಿಲಿಪ್ಸ್‌ಗೆ ಅರವತ್ತರ ದಶಕದ ಕೊನೆಯಿಂದ ಎಲ್ಲಾ ಬೆಥೋವನ್ ಕ್ವಾರ್ಟೆಟ್‌ಗಳನ್ನು ರೆಕಾರ್ಡ್ ಮಾಡಿದರು. ನಿಧಾನ, ದುಂಡು ನಾದ, ಒಂದೇ ಉಸಿರು. ವೇಗದ ಭಾಗಗಳಲ್ಲಿ ಸ್ವಲ್ಪ ಭಾರವಾಗುತ್ತಾರೆ, ಅಲ್ಲಿ ಡೆಕ್ಕಾ ಕಂಪನಿಗೆ ನುಡಿಸಿದ ತಕಾಚ್ ಕ್ವಾರ್ಟೆಟ್ ಹೆಚ್ಚು ಚುರುಕು. ಆಲ್ಬನ್ ಬರ್ಗ್ ಕ್ವಾರ್ಟೆಟ್ ಸೆಟ್ ಮೊದಲ ವರ್ಷ ಬೆರಗು ಹುಟ್ಟಿಸಿತು, ಆ ಹೊಳಪಿಗೆ ಈಗ ಬೇಗ ಸುಸ್ತಾಗುತ್ತೇನೆ. ರುಚಿಯ ಪ್ರಶ್ನೆ, ಜಗಳ ಬೇಡ.

ಕೇಳುವ ಸಾಧನದ ಬಗ್ಗೆ ಎರಡು ಮಾತು. ಫೋನ್ ಸ್ಪೀಕರ್‌ನಲ್ಲಿ ಚೆಲ್ಲೊ ಅರ್ಧ ಮಾಯ, ಸುಮ್ನೆ ಹಾಳು. ಸಾಧಾರಣ ವೈರ್ ಹೆಡ್‌ಫೋನ್ ಆದರೂ ಸಾಕು. ಬೆಥೋವನ್‌ನ ಓಪಸ್ 131ರಲ್ಲಿ ಏಳು ಭಾಗ, ಸುಮಾರು 40 ನಿಮಿಷ, ಎಲ್ಲೂ ನಿಲ್ಲಿಸದೆ ನುಡಿಸಬೇಕು. ನನ್ನ ಆ್ಯಪ್ ಪ್ರತಿ ಟ್ರ್ಯಾಕ್ ನಡುವೆ ಒಂದು ಸಣ್ಣ ಮೌನ ಹಾಕುತ್ತಿತ್ತು. ಸೆಟ್ಟಿಂಗ್‌ನಲ್ಲಿ ಗ್ಯಾಪ್‌ಲೆಸ್ (ನಡುವೆ ಮೌನವಿಲ್ಲದೆ ನುಡಿಸುವುದು) ಆನ್ ಮಾಡಿದ ಮೇಲೂ ಫೋನ್‌ನಿಂದ ಸ್ಪೀಕರ್‌ಗೆ ಕಳಿಸಿದಾಗ ಅದೇ ಕಥೆ. ಆ ಒಂದು ಕಾರಣಕ್ಕೇ ಬೆಥೋವನ್ ಸಿಡಿಗಳನ್ನು ಮಾರಲಿಲ್ಲ.

ಮೂವತ್ತರ ದಶಕದ ಬುಷ್ ಕ್ವಾರ್ಟೆಟ್‌ನ ಓಪಸ್ 131, 132 ಕೂಡ ಇವೆ. ನಿಮಿಷಕ್ಕೆ 78 ಸುತ್ತು ತಿರುಗುವ ಗ್ರಾಮಫೋನ್ ತಟ್ಟೆಗಳ ಕಾಲ, ನಾಲ್ಕೈದು ನಿಮಿಷಕ್ಕೊಮ್ಮೆ ಮಗ್ಗುಲು ಬದಲಿಸಬೇಕಿತ್ತು. ಆದರೂ ಓಪಸ್ 132ರಲ್ಲಿ ಅವರಿಗೆ ಯಾವ ಅವಸರವೂ ಇಲ್ಲ. ಹೊಸಬರು ಇದರಿಂದ ಶುರು ಮಾಡುವುದು ಬೇಡ, ಹಳೆಯ ತಟ್ಟೆಯ ಸರಸರ ಸದ್ದಿಗೆ ಕಿವಿ ಒಗ್ಗಲು ಸಮಯ ಬೇಕು. ಗ್ರೂಮಿಯೋ ಸೆಟ್ ಮೊದಲು ಕೊಳ್ಳಿ, ಪಾವೆಲ್ ಹಾಸ್ ಆಮೇಲೆ. ಬುಷ್ ಕೊಳ್ಳುವಾಗ ಒಂದೇ ರೆಕಾರ್ಡಿಂಗ್‌ನ ಎರಡು ಮೂರು ಟ್ರಾನ್ಸ್‌ಫರ್ (ತಟ್ಟೆಯಿಂದ ಸಿಡಿಗೆ ಇಳಿಸಿದ ಆವೃತ್ತಿ) ಕೇಳಿ ನೋಡಿ. ಸದ್ದನ್ನೆಲ್ಲ ಒರೆಸಿ ತೆಗೆದವುಗಳಲ್ಲಿ ವಯೋಲಾ ಕೂಡ ಅದರ ಜೊತೆಗೇ ಹೋಗಿರುತ್ತದೆ.