ಹಳೆಯ 350 ಎಂಜಿನ್ ಬಿಚ್ಚಿ ಕಟ್ಟುವುದೋ, ಪೆಟ್ಟಿಗೆಯಲ್ಲಿ ಸಿದ್ಧವಾಗಿ ಬರುವ ಕ್ರೇಟ್ ಎಂಜಿನ್ ಕೂರಿಸುವುದೋ?

1969ರ ಶೆವ್ರೊಲೆ ಕ್ಯಾಮರೋ ಕಾರಿನ 350 (350 ಘನ ಇಂಚಿನ ವಿ8 ಎಂಜಿನ್) ಹೊಗೆ ಉಗುಳತೊಡಗಿದರೆ ಮೊದಲು ಬ್ಲಾಕಿನ ಮುಂಭಾಗ, ಬಲ ಸಿಲಿಂಡರ್ ಹೆಡ್ಡಿನ ಎದುರಿನ ಸಪಾಟು ಜಾಗವನ್ನೂ ಆಯಿಲ್ ಫಿಲ್ಟರ್ ಪಕ್ಕವನ್ನೂ ಒರೆಸಿ ನೋಡಿ. ಒತ್ತಿರುವ ಅಂಕಿ ಕಾರಿನ ಗುರುತಿನ ಸಂಖ್ಯೆಗೆ (ವಿಐಎನ್) ತಾಳೆಯಾದರೆ ಅದು ಕಾರಿನ ಮೂಲ ಎಂಜಿನ್; ಆ ಬ್ಲಾಕನ್ನು ಬಿಡಲೇಬೇಡಿ. ಬ್ಲಾಕಿನ ಮೇಲ್ಮೈ ಮಿಲ್ಲಿಂಗ್ ಮಾಡಿದರೆ (ಕೆತ್ತಿ ಸಪಾಟು ಮಾಡಿದರೆ) ಮುಂಭಾಗದ ಅಂಕಿ ಅಳಿಸಿಹೋಗುತ್ತದೆ. ಮಷೀನ್ ಶಾಪಿನವರಿಗೆ ಮೊದಲೇ ಹೇಳಿ.

ಹಳೆಯದನ್ನೇ ಕಟ್ಟುವುದಾದರೆ ಬಿರುಕಿನ ಪರೀಕ್ಷೆ ಮೊದಲು, ಬೋರಿಂಗ್ ಆಮೇಲೆ. 4.000 ಇಂಚಿನ ಬೋರನ್ನು 0.030 ಇಂಚು ಹಿಗ್ಗಿಸಿದರೆ ಎಂಜಿನ್ 355 ಘನ ಇಂಚಾಗುತ್ತದೆ. ಸೀಸವಿಲ್ಲದ ಪೆಟ್ರೋಲ್ ಹಳೆಯ ಎಕ್ಸಾಸ್ಟ್ ವಾಲ್ವ್ ಸೀಟುಗಳನ್ನು ಸವೆಸುವುದರಿಂದ ಗಟ್ಟಿ ಸೀಟು ಹಾಕಿಸಿ. ಫ್ಲಾಟ್ ಟ್ಯಾಪೆಟ್ ಕ್ಯಾಮ್ (ರೋಲರ್ ಇಲ್ಲದ, ಚಪ್ಪಟೆ ತಳದ ಟ್ಯಾಪೆಟ್ ಇರುವುದು) ಆದರೆ ಸತು ಹೆಚ್ಚಿರುವ, ಹೊಸ ಎಂಜಿನ್ ಪಳಗಿಸುವ ಬ್ರೇಕ್-ಇನ್ ಆಯಿಲ್ ಬೇಕು. ಸ್ಟಾರ್ಟ್ ಆದ ಕೂಡಲೇ 2,000–2,500 ಆರ್‌ಪಿಎಂನಲ್ಲಿ 20 ನಿಮಿಷ ಓಡಿಸಿ; ಐಡ್ಲಿಂಗ್‌ನಲ್ಲೇ ಓಡಲು ಬಿಟ್ಟರೆ ಕ್ಯಾಮಿನ ಉಬ್ಬು ಸವೆದು, ಲೋಹದ ಪುಡಿ ಬೇರಿಂಗಿಗೆ ಇಳಿಯುತ್ತದೆ.

ಅಂಕಿ ತಾಳೆಯಾಗದಿದ್ದರೆ ನಮ್ಮ ಮತ ಕ್ರೇಟ್ ಎಂಜಿನ್‌ಗೆ. ಕೆಲಸ ಬೇಗ, ವಾರಂಟಿಯೂ ಉಂಟು. ಆದರೆ ಅದರಲ್ಲಿ 1986ರಿಂದ ಬಂದ, ಕ್ರ್ಯಾಂಕ್‌ಶಾಫ್ಟಿನ ಹಿಂಬದಿಯ ಒಂದೇ ತುಂಡಿನ ಆಯಿಲ್ ಸೀಲ್ ಇದ್ದರೆ ಹಳೆಯ ಫ್ಲೆಕ್ಸ್‌ಪ್ಲೇಟ್ (ಎಂಜಿನ್ನನ್ನು ಆಟೊಮ್ಯಾಟಿಕ್ ಗೇರ್‌ಬಾಕ್ಸಿಗೆ ಜೋಡಿಸುವ ತಟ್ಟೆ) ಕೂರದು. ಡಿಪ್‌ಸ್ಟಿಕ್ ಬಲಗಡೆ ಬಂದು ಎಕ್ಸಾಸ್ಟ್ ಹೆಡರ್ ಪೈಪಿಗೆ ತಾಗಬಹುದು.

ಎಂಜಿನ್ ಕೂರುವ ಜಾಗದ ಬಗ್ಗೆ ಎರಡು ದಾರಿಗೂ ಒಂದೇ ಮಾತು: ಎಂಜಿನ್ ಹೊರಗಿರುವಾಗಲೇ ಫೈರ್‌ವಾಲ್ (ಎಂಜಿನ್‌ಗೂ ಕ್ಯಾಬಿನ್‌ಗೂ ನಡುವಿನ ತಗಡಿನ ಗೋಡೆ) ತೊಳೆದು ಬಣ್ಣ ಹೊಡೆಯಿರಿ. ಅರ್ತ್ ಪಟ್ಟಿ ಕೂರುವ ಕಡೆ ಮಾತ್ರ ಬಣ್ಣ ಕೆರೆದು ಹೊಳೆಯುವ ಲೋಹ ಕಾಣಬೇಕು, ಇಲ್ಲದಿದ್ದರೆ ಹೊಸ ಬ್ಯಾಟರಿ ಇದ್ದರೂ ಸ್ಟಾರ್ಟರ್ ಮುಕ್ಕರಿಯುತ್ತದೆ.