ನಲವತ್ತು ದಾಟಿದ ಮೇಲೆ ನಟನೆ ಕ್ಲಾಸಿಗೆ ದುಡ್ಡು ಹಾಕಬಹುದಾ?

ಮೊದಲೇ ಹೇಳಿಬಿಡುತ್ತೇನೆ. ಸೀರಿಯಲ್‌ನಲ್ಲೋ ಸಿನಿಮಾದಲ್ಲೋ ಚಾನ್ಸ್ ಸಿಗಲಿ ಅಂತ ಹುಡುಕುತ್ತಿದ್ದರೆ ಈ ಥರದ ವೀಕೆಂಡ್ ಕ್ಲಾಸ್ ನಿಮಗಲ್ಲ. ಫೀಸ್ ಉಳಿಸಿ. ಆದರೆ ನಾಲ್ಕು ಜನರ ಮುಂದೆ ನಿಂತರೆ ಕೈ ಎಲ್ಲಿಡಬೇಕು ಅಂತ ತಿಳಿಯದವರು, ಎದುರಿನವರು ಮಾತಾಡುತ್ತಿರುವಾಗಲೇ ತಮ್ಮ ಉತ್ತರ ಜೋಡಿಸಿಕೊಂಡು ಕೂರುವವರು, ಕಾಲೇಜಿನಲ್ಲಿ ಒಂದು ನಾಟಕ ಮಾಡಿ ಆಮೇಲೆ ಇಎಂಐ, ಮಕ್ಕಳ ಸ್ಕೂಲು ಅಂತ ಅದನ್ನೆಲ್ಲ ಅಟ್ಟದ ಮೇಲಿಟ್ಟವರು, ಖಂಡಿತ ಹೋಗಿ. ನಾನು ಎರಡನೇ ಗುಂಪಿನವನು. ಆಡಿಟ್ ಆಫೀಸಿನ ಕೆಲಸ, ಉತ್ತರ ರೆಡಿ ಇಟ್ಟುಕೊಳ್ಳುವುದೇ ಅನ್ನ.

ಸೇರಿದ್ದು ಬೆಂಗಳೂರಿನ ಬನಶಂಕರಿ ಕಡೆಯ ಒಂದು ಕ್ಲಾಸಿಗೆ. ಎರಡು ತಿಂಗಳ ಕೋರ್ಸು, ಶನಿವಾರ ಭಾನುವಾರ ಬೆಳಗ್ಗೆ, ಫೀಸ್ 9 ಸಾವಿರದ ಆಸುಪಾಸು. ಹೆಸರು ಹಾಕುತ್ತಿಲ್ಲ. ಬೈಯಬೇಕಾದ್ದು ಒಂದಿಷ್ಟು ಇದೆ, ಮೇಷ್ಟ್ರು ಮಾತ್ರ ಅಪ್ಪಟ ಕೆಲಸಗಾರ, ಅವರ ಹೊಟ್ಟೆ ಮೇಲೆ ಹೊಡೆಯೋದು ಬೇಡ.

ಜಾಗದ ಬಗ್ಗೆ ಜಾಸ್ತಿ ಹೇಳುವಂಥದ್ದಿಲ್ಲ. ಒಂದು ಮನೆಯ ಟೆರೇಸಿಗೆ ಶೀಟ್ ಹೊದಿಸಿ ಹಾಲ್ ಮಾಡಿದ್ದಾರೆ. ನೆಲಕ್ಕೆ ಚಾಪೆ, ಮೂಲೆಯಲ್ಲಿ ಒಂದು ಸ್ಟ್ಯಾಂಡ್ ಫ್ಯಾನು. ಪಾರ್ಕಿಂಗ್ ಇಲ್ಲವೇ ಇಲ್ಲ, ಮೆಟ್ರೋದಲ್ಲಿ ಬಂದರೆ ನೆಮ್ಮದಿ. ಮಳೆ ಬಂದರೆ ಶೀಟಿನ ಸದ್ದಿಗೆ ಪಕ್ಕದವರ ಮಾತೂ ಕೇಳಿಸುವುದಿಲ್ಲ. ಮೇಷ್ಟ್ರು ಅದನ್ನೇ ಪಾಠ ಮಾಡಿದರು ಅನ್ನಿ. ಕಿರುಚಬೇಡಿ, ಹೊಟ್ಟೆ ತುಂಬ ಉಸಿರು ತಗೊಳ್ಳಿ, ಎದುರು ಗೋಡೆಗೆ ಮಾತು ಮುಟ್ಟಿಸಿ ಅಂತ ಅರ್ಧ ಗಂಟೆ ಮಳೆಯ ಜೊತೆ ಸೆಣಸಾಡಿಸಿದರು. ಮೈಕ್ ಇಲ್ಲದೆ ಕೊನೇ ಸಾಲಿಗೆ ಕೇಳಿಸುವುದು ಹೇಗೆ ಅನ್ನೋದು ಅವತ್ತು ಸ್ವಲ್ಪ ತಲೆಗೆ ಹೋಯಿತು.

ಮೊದಲ ದಿನ ನೋಡಿದರೆ ಯಾರಿಗಾದರೂ ಇದೇನು ಎಲ್‌ಕೆಜಿನಾ ಅನಿಸುತ್ತದೆ. ದುಂಡಗೆ ನಿಲ್ಲೋದು, ಹೆಸರು ಹೇಳುತ್ತಾ ಒಂದು ಆಕ್ಷನ್ ಮಾಡೋದು, ಇಲ್ಲದ ಚೆಂಡನ್ನು ಎಸೆಯೋದು, ಹಿಡಿಯೋದು. ದಂತವೈದ್ಯೆ ಒಬ್ಬರಿದ್ದರು, ಇಬ್ಬರು ಮೂವರು ಸಾಫ್ಟ್‌ವೇರ್‌ನವರು, ಒಬ್ಬ ಹೈಸ್ಕೂಲ್ ಟೀಚರ್, ಒಬ್ಬರು ರಿಟೈರ್ ಆದ ಬಸ್ ಕಂಡಕ್ಟರ್. ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿ ನಾಚಿಕೊಂಡು ನಗುತ್ತಿದ್ದರು. ಚೆಂಡಿನ ಆಟ ಹತ್ತು ನಿಮಿಷ ನಡೆದ ಮೇಲೆ ನಗು ನಿಂತಿತು. ಯಾಕೆಂದರೆ ಮೇಷ್ಟ್ರು ಚೆಂಡನ್ನು ಭಾರ ಮಾಡಿದರು, ಆಮೇಲೆ ಬಿಸಿ ಮಾಡಿದರು, ಆಮೇಲೆ ಒಂದರ ಜಾಗದಲ್ಲಿ ಮೂರು ಬಿಟ್ಟರು. ಯಾರು ಯಾರ ಕಡೆ ಎಸೆಯುತ್ತಿದ್ದಾರೆ ಅಂತ ಕಣ್ಣಿಟ್ಟು ನೋಡಲೇಬೇಕು. ನಾಚಿಕೊಳ್ಳೋಕೆ ಪುರಸೊತ್ತೇ ಇರುವುದಿಲ್ಲ.

ಈ ಆಟಗಳ ಗುಟ್ಟೇ ಇದು. ಇವುಗಳಲ್ಲಿ ಬಹಳಷ್ಟು ಅಮೆರಿಕದ ಶಿಕಾಗೋದ ವಯೋಲಾ ಸ್ಪೋಲಿನ್ ಅನ್ನೋ ಹೆಂಗಸು ಮಕ್ಕಳ ಜೊತೆ ಕೆಲಸ ಮಾಡುತ್ತಾ ಕಟ್ಟಿದವು. ಆಟಗಾರನಿಗೆ ಗಮನ ಇಡೋಕೆ ಏನಾದರೂ ಒಂದು ಕೊಡು, ನಟನೆ ಮಾಡಬೇಕು ಅನ್ನೋ ಭಯ ತಾನಾಗಿ ಮರೆತುಹೋಗುತ್ತದೆ ಅನ್ನೋದು ಆಕೆಯ ಲೆಕ್ಕ. ಆಕೆಯ ಮಗ ಪಾಲ್ ಸಿಲ್ಸ್ ಮತ್ತು ಗೆಳೆಯರು 1959ರಲ್ಲಿ ಅದೇ ಊರಿನಲ್ಲಿ ಸೆಕೆಂಡ್ ಸಿಟಿ ಅನ್ನೋ ಹಾಸ್ಯ ತಂಡ ಶುರು ಮಾಡಿದರು, ಇವತ್ತು ಇಂಪ್ರೊವ್ ಅಂತ, ಅಂದರೆ ಬರೆದಿಟ್ಟ ಮಾತಿಲ್ಲದೆ ಅಲ್ಲೇ ಕಟ್ಟಿಕೊಂಡು ಆಡೋ ನಾಟಕ ಅಂತ, ನಾವು ಕರೆಯೋದು ಬಹುಪಾಲು ಅಲ್ಲಿಂದ ಹರಿದು ಬಂದದ್ದು. ನಮ್ಮ ಮೇಷ್ಟ್ರು ಕೂಡ ಸ್ಪೋಲಿನ್ ಪದ್ಧತಿಯವರೇ. ಆಟ ನಡೆಯುತ್ತಿರುವಾಗ ನಿಲ್ಲಿಸಿ ಭಾಷಣ ಬಿಗಿಯಲ್ಲ, ಪಕ್ಕದಲ್ಲಿ ನಿಂತು ಒಂದೊಂದು ಮಾತು ಎಸೆಯುತ್ತಾರೆ. "ಕೈ ನೋಡಿ", "ಆತುರ ಬೇಡ", "ಅವರೇನಂದರು?" ಅಷ್ಟೇ. ನನಗೆ ಸಿಕ್ಕಾಪಟ್ಟೆ ಇಷ್ಟವಾದದ್ದು ಇದು.

ಇಂಪ್ರೊವ್‌ನ ಮೊದಲ ಪಾಠ ಎಲ್ಲರಿಗೂ ಗೊತ್ತಿರೋದೇ: ಎದುರಿನವರು ಹೇಳಿದ್ದನ್ನು ಒಪ್ಪಿಕೋ, ಅದಕ್ಕೆ ನಿನ್ನದೊಂದು ಸೇರಿಸು. ಕೇಳೋಕೆ ಸಲೀಸು. ಒಬ್ಬರು ಬಂದು "ಡಾಕ್ಟ್ರೇ, ನಮ್ಮ ಎಮ್ಮೆ ಎರಡು ದಿನದಿಂದ ಮೇವು ಮುಟ್ಟಿಲ್ಲ" ಅಂದರು ಅಂತಿಟ್ಟುಕೊಳ್ಳಿ. "ನಾನು ಡಾಕ್ಟರ್ ಅಲ್ಲ ಕಣ್ರೀ" ಅಂದರೆ ಜನ ನಗುತ್ತಾರೆ, ಆದರೆ ಕಥೆ ಅಲ್ಲೇ ಸತ್ತುಹೋಯಿತು. "ಮತ್ತೆ ಮನೇಲಿ ಜಗಳ ಆಯ್ತಾ? ಅದರ ಮುಂದೆ ಜಗಳ ಆಡಬೇಡಿ ಅಂತ ಹೋದ ಸಲವೇ ಹೇಳಿದ್ನಲ್ಲ" ಅಂದರೆ ಅಲ್ಲಿಂದ ಹತ್ತು ನಿಮಿಷ ಓಡುತ್ತದೆ. ಆಫೀಸಿನಲ್ಲಿ ಇಡೀ ದಿನ "ಆದರೆ ಸರ್..." ಅಂತಲೇ ಬಾಯಿ ತೆಗೆಯುವ ನಮ್ಮಂಥವರಿಗೆ ಇದು ಎಷ್ಟು ಕಷ್ಟ ಅನ್ನೋದು ಮಾಡಿದಾಗಲೇ ಗೊತ್ತಾಗೋದು.

ಕಂಡಕ್ಟರ್ ಸಾಹೇಬರ ವಿಷಯ ಹೇಳಲೇಬೇಕು. ಬಾಯೇ ಬಿಡದ ಮನುಷ್ಯ. ಒಂದು ದಿನ ನ್ಯಾಯಬೆಲೆ ಅಂಗಡಿ ಅಂತ ಸೀನ್ ಕೊಟ್ಟರು. ಸಾಫ್ಟ್‌ವೇರ್ ಹುಡುಗ ಅಂಗಡಿಯವನು, ಇವರು ಅಕ್ಕಿಗೆ ಬಂದವರು. ಹುಡುಗ ಒಂದರ ಹಿಂದೊಂದು ಜೋಕ್ ಹೊಡೆಯುತ್ತಿದ್ದ, ನಾವೆಲ್ಲ ಬಿದ್ದು ಬಿದ್ದು ನಗುತ್ತಿದ್ದೆವು. ಇವರು ಸುಮ್ನೆ ಮಷೀನಿನ ಮೇಲೆ ಹೆಬ್ಬೆಟ್ಟಿಟ್ಟರು. ಹಿಡಿಯಲಿಲ್ಲ ಅಂತ ಹುಡುಗ ಅಂದ. ಹೆಬ್ಬೆಟ್ಟನ್ನು ಅಂಗಿಗೆ ಒರೆಸಿ ಮತ್ತೆ ಇಟ್ಟರು. ಇಲ್ಲ. ಬಾಯಿ ಹತ್ತಿರ ತಂದು ಹಾ ಅಂತ ಉಸಿರು ಬಿಟ್ಟು, ಪಂಚೆಯ ಅಂಚಿಗೆ ತಿಕ್ಕಿ, ಸ್ವಲ್ಪ ಒತ್ತಿ ಇಟ್ಟರು. ಆಮೇಲೆ ಇನ್ನೊಂದು ಕೈಯ ಹೆಬ್ಬೆಟ್ಟು. ಹಾಕಿಕೊಂಡಿದ್ದದ್ದು ಪ್ಯಾಂಟು, ಆದರೆ ನಮಗೆಲ್ಲ ಪಂಚೆಯ ಅಂಚೇ ಕಾಣಿಸಿತು. ಹುಡುಗನ ಜೋಕು ತಾನಾಗಿ ನಿಂತುಹೋಯಿತು. "ಹಿಂದೆ ಹತ್ತು ಜನ ಇದಾರೆ, ಬೇಗ" ಅಂದ, ಆ ಮಾತು ಮಾತ್ರ ಪಕ್ಕಾ ಅಂಗಡಿಯವನದ್ದು. ಜೋಕಿಗಾಗಿ ಹುಡುಕಿದರೆ ಸಿಗದ್ದು ಎದುರಿನವರ ಕೈ ನೋಡಿದರೆ ಸಿಗುತ್ತದೆ ಅಂತ ಮೇಷ್ಟ್ರು ಆಮೇಲೆ ಒಂದೇ ಸಾಲಿನಲ್ಲಿ ಮುಗಿಸಿದರು.

ಇನ್ನೊಂದು ಆಟ ಇಸ್ಪೀಟ್ ಎಲೆಯದ್ದು. ಇದರ ಹಿಂದಿರೋ ಸ್ಟೇಟಸ್ ಅನ್ನೋ ಐಡಿಯಾ ಕೀತ್ ಜಾನ್‌ಸ್ಟನ್ ಅವರದ್ದು, ಲಂಡನ್ನಿನ ರಾಯಲ್ ಕೋರ್ಟ್ ಥಿಯೇಟರಿನಲ್ಲಿ ಕೆಲಸ ಮಾಡಿ ಆಮೇಲೆ ಕೆನಡಾದ ಕ್ಯಾಲ್ಗರಿಗೆ ಹೋದ ಮೇಷ್ಟ್ರು. ಇಬ್ಬರು ಎದುರಾದರೆ ಸಾಕು, ಅಲ್ಲಿ ಒಬ್ಬ ಮೇಲೆ, ಒಬ್ಬ ಕೆಳಗೆ ಇದ್ದೇ ಇರುತ್ತಾನೆ, ನಾಟಕ ನಡೆಯೋದೇ ಆ ಏರಿಳಿತದಲ್ಲಿ ಅನ್ನೋದು ಅದರ ತಿರುಳು. ನಮ್ಮ ಮೇಷ್ಟ್ರು ನಮಗೆ ಒಂದೊಂದು ಎಲೆ ಕೊಟ್ಟು, ನೋಡದೆ ಹಣೆಗೆ ಹಿಡಿದುಕೊಳ್ಳಿ ಅಂದರು. ಬೇರೆಯವರ ಎಲೆ ಕಾಣುತ್ತದೆ, ನಮ್ಮದು ನಮಗೆ ಕಾಣಲ್ಲ. ಮದುವೆ ಮನೆ ಅಂತ ಸೀನ್. ರಾಜ ಬಂದರೆ ಎಲ್ಲರೂ ಎದ್ದು ಜಾಗ ಬಿಡೋದು, ಎರಡು ಬಂದರೆ ನೋಡಿಯೂ ನೋಡದ ಹಾಗೆ ಹೋಗೋದು. ಒಬ್ಬ ಟೀಮ್ ಲೀಡ್‌ಗೆ ಎರಡು ಬಂದಿತ್ತು. ಮೊದಲು ಗತ್ತಿನಲ್ಲೇ ಓಡಾಡಿದ. ಯಾರೂ ಮಾತಾಡಿಸಲಿಲ್ಲ. ಐದು ನಿಮಿಷದಲ್ಲಿ ಹೆಗಲು ಇಳಿಯಿತು, ಯಾರೂ ಹೇಳದೆಯೇ ಕುರ್ಚಿ ಎತ್ತಿಡೋಕೆ ಶುರು ಮಾಡಿದ. ನಮ್ಮ ಕಡೆ ಮದುವೆ ಮನೆಗಳಲ್ಲಿ ಮೊದಲ ಪಂಕ್ತಿ ಯಾರದ್ದು ಅಂತ ಬಲ್ಲವರಿಗೆ ಈ ಆಟ ಬಿಡಿಸಿ ಹೇಳಬೇಕಾಗಿಲ್ಲ.

ಇಲ್ಲಿ ಒಂದು ತಕರಾರು. ಇಂಪ್ರೊವ್ ಅಂದರೆ ಪೂರ್ತಿ ಹೊರಗಿನ ಸರಕು ಅನ್ನೋ ಹಾಗೆ ಕ್ಲಾಸಿನಲ್ಲಿ ಮಾತು ನಡೆಯುತ್ತಿತ್ತು. ಅಲ್ರೀ, ತಾಳಮದ್ದಳೆ ಏನು ಮತ್ತೆ? ಯಕ್ಷಗಾನದ್ದೇ ಒಂದು ರೂಪ, ಆದರೆ ವೇಷ ಇಲ್ಲ, ಕುಣಿತ ಇಲ್ಲ, ಕೂತಲ್ಲೇ ಮಾತು. ಭಾಗವತರು ಪದ್ಯ ಹಾಡುತ್ತಾರೆ, ಅರ್ಥಧಾರಿ ಅದಕ್ಕೆ ಅಲ್ಲೇ ಮಾತು ಕಟ್ಟುತ್ತಾನೆ. ಬರೆದಿಟ್ಟ ಡೈಲಾಗ್ ಅಂತ ಇರುವುದಿಲ್ಲ. ಕರಾವಳಿ, ಮಲೆನಾಡಿನ ಕಡೆ ಯಕ್ಷಗಾನ ಮೇಳಗಳ ತಿರುಗಾಟ ನಿಂತ ಮಳೆಗಾಲದಲ್ಲಿ ಗಂಟೆಗಟ್ಟಲೆ ನಡೆಯುತ್ತದೆ. ಶೇಣಿ ಗೋಪಾಲಕೃಷ್ಣ ಭಟ್ಟರು, ಮಲ್ಪೆ ರಾಮದಾಸ ಸಾಮಗರು ಹೆಸರು ಮಾಡಿದ್ದೇ ಅಲ್ಲಿ. ಎದುರಿನ ಅರ್ಥಧಾರಿ ಎತ್ತಿದ ಪ್ರಶ್ನೆಗೆ ಉತ್ತರ ಕೊಡದೆ ಮನೆಯಲ್ಲಿ ಓದಿಕೊಂಡು ಬಂದದ್ದನ್ನೇ ಒಪ್ಪಿಸಿದರೆ ಸಭೆಗೆ ತಕ್ಷಣ ಗೊತ್ತಾಗಿಬಿಡುತ್ತದೆ. ವ್ಯತ್ಯಾಸ ಇಲ್ಲ ಅಂತಲ್ಲ. ಅಲ್ಲಿ ಪ್ರಸಂಗ ಮೊದಲೇ ಗೊತ್ತು, ವಾಲಿ ಎಷ್ಟು ಚೆನ್ನಾಗಿ ವಾದ ಮಾಡಿದರೂ ಸಾಯಲೇಬೇಕು. ಇಂಪ್ರೊವ್‌ನಲ್ಲಿ ಕಥೆ ಎಲ್ಲಿಗೆ ಹೋಗುತ್ತದೆ ಅಂತ ಯಾರಿಗೂ ಗೊತ್ತಿಲ್ಲ. ಆದರೂ ಕಿವಿಯ ಕೆಲಸ ಎರಡರಲ್ಲೂ ಒಂದೇ. ಒಂದು ದಿನ ಒಬ್ಬ ಅರ್ಥಧಾರಿಯನ್ನು ಕರೆಸಿದ್ದರೆ ಕೋರ್ಸಿನ ಬೆಲೆ ಎಲ್ಲಿಗೋ ಹೋಗುತ್ತಿತ್ತು.

ಭಾಷೆಯದ್ದೂ ಒಂದು ಕಥೆ. ಜಾಹೀರಾತಿನಲ್ಲಿ ಕನ್ನಡ ಮತ್ತು ಇಂಗ್ಲಿಷ್ ಅಂತಿತ್ತು. ಮೊದಲೆರಡು ವಾರ ಸೀನ್‌ಗಳೆಲ್ಲ ಅರೆಬರೆ ಇಂಗ್ಲಿಷಿನಲ್ಲೇ, ಎಲ್ಲರೂ ಆಫೀಸಿನವರ ಥರ. ಧಾರವಾಡದ ಹುಡುಗಿಯೊಬ್ಬಳು ಒಂದು ಸೀನ್‌ನಲ್ಲಿ ತಡೆಯಲಾರದೆ "ಹಿಂಗ್ಯಾಕ ಹೊರಗ ನಿಂತೀರಿ, ಬರ್ರಿ ಒಳಗ" ಅಂದಳು ನೋಡಿ, ಹಾಲ್‌ನ ಹವಾನೇ ಬದಲಾಯಿತು. ಅಲ್ಲಿಂದ ಎಲ್ಲರೂ ತಮ್ಮ ತಮ್ಮ ಮನೆ ಮಾತಿಗೆ ಇಳಿದರು. ಮೇಷ್ಟ್ರು ರಜೆ ಹಾಕಿದ ಒಂದು ವಾರ ಬದಲಿಗೆ ಬಂದವರು ಮಾತ್ರ ಅದೇ ಹುಡುಗಿಗೆ "ಸ್ವಲ್ಪ ನಾರ್ಮಲ್ ಕನ್ನಡ ಮಾತಾಡಮ್ಮ" ಅಂದುಬಿಟ್ಟರು. ಮೈಯೆಲ್ಲ ಉರಿದುಹೋಯಿತು. ನಾವೆರಡು ಮೂರು ಜನ ಅಲ್ಲೇ ಕೇಳಿದೆವು, ಅವರು ನಕ್ಕು ಮಾತು ತೇಲಿಸಿದರು.

ಉಳಿದ ದೂರುಗಳು ಬೇಗ ಹೇಳಿ ಮುಗಿಸುತ್ತೇನೆ. ಹನ್ನೆರಡೇ ಜನ ಅಂತ ಹೇಳಿ ಇಪ್ಪತ್ತಕ್ಕೂ ಜಾಸ್ತಿ ಜನರನ್ನು ಸೇರಿಸಿಕೊಂಡರು. ಇಪ್ಪತ್ತು ಜನ ಇದ್ದರೆ ಇಬ್ಬರ ಸೀನ್‌ಗೆ ನಮ್ಮ ಪಾಳಿ ಬರೋದು ಬೆಳಗ್ಗೆಗೆ ಒಂದೇ ಸಲ, ಉಳಿದ ಹೊತ್ತು ನೋಡ್ತಾ ಕೂರೋದು. ನೋಡೋದರಿಂದಲೂ ಕಲಿಯಬಹುದು, ನಿಜ, ಆದರೆ ಫೀಸ್ ಕೊಟ್ಟದ್ದು ಮಾಡೋಕೆ ಅಲ್ವಾ? ಇದಕ್ಕಿಂತ ದೊಡ್ಡದು ಕೊನೆಯ ಶೋ. ಆರನೇ ವಾರ ಇಂಪ್ರೊವ್ ನಿಂತುಹೋಯಿತು, ಎಲ್ಲರಿಗೂ ಒಂದೊಂದು ಡೈಲಾಗ್ ಹಂಚಿ ನಾಟಕದ ರಿಹರ್ಸಲ್ ಶುರು. ಮನೆಯವರನ್ನೆಲ್ಲ ಕರೆದು, ಫೋಟೋ ತೆಗೆದು, ರೀಲ್ಸ್ ಮಾಡಿ, ಸರ್ಟಿಫಿಕೇಟ್ ಕೊಟ್ಟು, ಮುಂದಿನ ಬ್ಯಾಚಿಗೆ ಅದೇ ಜಾಹೀರಾತು. ಅಷ್ಟು ವಾರ ಎದುರಿನವರ ಮಾತು ಕೇಳೋದನ್ನು ಕಲಿತವರು ಕೊನೆಗೆ "ನನ್ನ ಲೈನ್ ಯಾವಾಗ ಬರುತ್ತೆ" ಅಂತ ಬೆರಳು ಎಣಿಸುತ್ತಾ ನಿಂತಿದ್ದೆವು. ಕಲಿಸಿದ್ದನ್ನೆಲ್ಲ ಅವರೇ ಅಳಿಸಿದ ಹಾಗಾಯಿತು. ಶೋ ಬೇಕೇ ಬೇಕು ಅಂದಿದ್ದರೆ ಜನರ ಮುಂದೆ ಇಂಪ್ರೊವ್ ಆಟಗಳನ್ನೇ ಆಡಿಸಬಹುದಿತ್ತು.

ಪೂರ್ತಿ ನಟನೆಯೇ ಬೇಕು ಅನ್ನುವವರಿಗೆ ದಾರಿ ಬೇರೆ. ಸಾಗರ ತಾಲೂಕಿನ ಹೆಗ್ಗೋಡಿನ ನೀನಾಸಮ್ ಸಂಸ್ಥೆ 1949ರಲ್ಲಿ ಹುಟ್ಟಿದ್ದು, ಅಲ್ಲಿ 1980ರಿಂದ ರಂಗಶಿಕ್ಷಣ ನಡೆಯುತ್ತಿದೆ, ಆದರೆ ಅಲ್ಲೇ ಇದ್ದು ಕಲಿಯಬೇಕು, ನೌಕರಿ ಇಟ್ಟುಕೊಂಡು ಆಗುವ ಮಾತಲ್ಲ. ಬೆಂಗಳೂರಿನಲ್ಲೇ ಇರುವವರು ಯಾವುದಾದರೂ ಹವ್ಯಾಸಿ ತಂಡ ಸೇರಬಹುದು. ಫೀಸ್ ಇರುವುದಿಲ್ಲ, ಬದಲಿಗೆ ಸಂಜೆಗಳು ಹೋಗುತ್ತವೆ. ಮೊದಲ ನಾಟಕಕ್ಕೆ ಟೀ ತರೋದು, ಎರಡನೇದಕ್ಕೆ ಸೆಟ್ ಹೊರೋದು, ಮೂರನೇದರಲ್ಲಿ ಒಬ್ಬ ಸೇವಕ. ರಂಗ ಶಿಸ್ತು ಅಲ್ಲಿ ಬಂದಷ್ಟು ಚೆನ್ನಾಗಿ ಕ್ಲಾಸಿನಲ್ಲಿ ಬರಲ್ಲ. ಆದರೆ ಏನು ಮಾಡಿದರೂ ಸರಿ ಅನ್ನೋ ಧೈರ್ಯ ಅಲ್ಲಿ ಅಷ್ಟು ಸುಲಭಕ್ಕೆ ಸಿಗಲ್ಲ, ಅದು ಇಲ್ಲಿ ಸಿಕ್ಕಿತು. ಜೊತೆಗೆ ಜೆ.ಪಿ. ನಗರದ ರಂಗಶಂಕರಕ್ಕೆ ಹೋಗಿ ನಾಟಕ ನೋಡಿ. ಕ್ಲಾಸು ಮಾಡಿದ ಮೇಲೆ ನೋಡುವ ಕಣ್ಣೇ ಬೇರೆ, ಡೈಲಾಗ್ ಇಲ್ಲದೆ ಮೂಲೆಯಲ್ಲಿ ನಿಂತವರು ಏನು ಮಾಡುತ್ತಿದ್ದಾರೆ ಅನ್ನೋ ಕಡೆಗೇ ಕಣ್ಣು ಹೋಗುತ್ತದೆ. ಟೈಮಿಗೆ ಸರಿಯಾಗಿ ಹೋಗಿ ಮತ್ತೆ, ಬಾಗಿಲು ಹಾಕಿದರೆ ಹಾಕಿದ ಹಾಗೆಯೇ.

ಈ ಕ್ಲಾಸಿಗೆ ಐದರಲ್ಲಿ ಮೂರೂವರೆ ಸ್ಟಾರ್ ಕೊಡುತ್ತೇನೆ, ಮೂರು ಮೇಷ್ಟ್ರಿಗೇ. ನೀವು ಬೇರೆ ಯಾವುದಕ್ಕಾದರೂ ಸೇರುವುದಿದ್ದರೆ ದುಡ್ಡು ಕಟ್ಟುವ ಮುಂಚೆ ಒಂದು ಡೆಮೊ ಕ್ಲಾಸಿಗೆ ಹೋಗಿ. ಬ್ಯಾಚಿನಲ್ಲಿ ನಿಜವಾಗಿ ಎಷ್ಟು ಜನ, ಕೊನೆಯ ಶೋಗೆ ಎಷ್ಟು ವಾರ ಹೋಗುತ್ತದೆ, ಪೂರ್ತಿ ಕಲಿಸೋದು ಈ ಮೇಷ್ಟ್ರೇನಾ ಅಂತ ಕೇಳಿ. ಕಾಸ್ಟಿಂಗ್ ಡೈರೆಕ್ಟರ್ ಪರಿಚಯ ಮಾಡಿಸುತ್ತೇವೆ ಅಂತ ಮೊದಲ ದಿನವೇ ಅಂದರೆ ಎದ್ದು ಬನ್ನಿ. ನಮ್ಮಲ್ಲಿ ಮುಂದಿನ ಹಂತದ ಬ್ಯಾಚ್ ಬರುತ್ತದಂತೆ. ಶೋ ಇಲ್ಲ ಅಂದರೆ ಸೇರುತ್ತೇನೆ ಅಂತ ಮೇಷ್ಟ್ರಿಗೆ ಮೆಸೇಜ್ ಹಾಕಿದ್ದೇನೆ. "ನೋಡೋಣ ಸರ್" ಅಂದಿದ್ದಾರೆ.